ಬಿಸಿಲಲ್ಲಿ ವೈಪರ್ ಬೀಸುವ ಲಾರಿ

ನಮ್ಮ ಕಾಕಾನ ಲಾರಿಯ ಕತೆಯನ್ನು ಯರಗುಪ್ಪಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಚಹಾದಂಗಡಿಯ ಬೆಂಚಿನ ಮೇಲೆ ಕೂತವರು ಹೇಳುತ್ತಾರೆ, ಹಿಟ್ಟಿನ ಗಿರಣಿಯ ಮುಂದೆ ಪಾಳಿ ಹಚ್ಚಿ ನಿಂತವರು ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. "ಕಾಲೇಜು ಕಲ್ತ ಹುಡುಗ ಒಬ್ಬಾಂವ ದೇವಿ ಪದದ ಕ್ಯಾಸೆಟ್ ತಗದು ತನ್ನ ಭಾಷಣದ ಕ್ಯಾಸೆಟ್ ಹಾಕಿ ಗಾಡಿ ಚಾಲೂ ಮಾಡಿದ. ದೇವಿಗೆ ಸಿಟ್ಟು ಬಂತು. ಮರುದಿನ ಗಾಡಿ ಜಪ್ಪಯ್ಯಾ ಅಂದ್ರೂ ಏಳಲಿಲ್ಲ. ಕಡೀಕ ಡ್ರೈವರ್ ಫಕೀರಪ್ಪ ಬಂದು ಕೈ ಮುಗದ ಮ್ಯಾಲೆ ಎದ್ದಿತು." ಈ ಕತೆಯಲ್ಲಿ ನಾಲ್ಕು ಸಂಗತಿಗಳಿವೆ, ಒಬ್ಬಳು ದೇವಿಯಿದ್ದಾಳೆ. ಸಂಗತಿಗಳ ಬಗ್ಗೆ ನನ್ನ ತಕರಾರಿಲ್ಲ. ಆ ಕಾಲೇಜು ಕಲಿತ ಹುಡುಗ ನಾನೇ. ಎದುರಾಳಿಯ ವಾದದಲ್ಲಿ ತೂತು ಎಲ್ಲಿದೆ ಎಂದು ಹುಡುಕಿ ಅದರೊಳಗೆ ಬೆರಳು ಹಾಕಿ ಹಿರಿದು ಮಾಡುವುದನ್ನು ನಾನು ಹುಬ್ಬಳ್ಳಿಯ ಕಾಲೇಜಿನಲ್ಲಿ ಮೂರು ವರ್ಷ ಕಲಿತಿದ್ದೇನೆ. ಈ ಕತೆಯ ತೂತು ನನಗೆ ಚೆನ್ನಾಗಿ ಗೊತ್ತು. ಆದರೂ ಎರಡು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದೇನೆ, ಯಾಕೆಂದರೆ ಅದನ್ನು ಕೊರೆದವನೂ ನಾನೇ. ಈಗ ಬರೆಯಲು ಧೈರ್ಯ ಬಂದಿರುವುದು ಇಷ್ಟಕ್ಕೇ: ಕಾಕಾ ಪೇಪರಿನಲ್ಲಿ ಹತ್ತಿ ಧಾರಣೆ ನೋಡಿ ಮಡಚಿಡುತ್ತಾನೆ, ಅವನ ಹೆಂಡತಿ ಕಾಕು ಕ್ಯಾಲೆಂಡರು ಬಿಟ್ಟು ಬೇರೇನೂ ಓದುವುದಿಲ್ಲ. ಪ್ರಬಂಧ ಅಚ್ಚಾಗುವ ಪುಟಕ್ಕೆ ನಮ್ಮ ಮನೆಯಲ್ಲಿ ಯಾರೂ ಬರುವುದಿಲ್ಲ.

ನನ್ನ ವಿದ್ಯೆಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ಮೂರು. ಒಂದರಲ್ಲಿ ಕಾಕು ಸೂಜಿ ದಾರ ಇಡುತ್ತಾಳೆ, ಇನ್ನೊಂದರಲ್ಲಿ ಕಾಕಾನ ಅಡಿಕೆ, ಮೂರನೆಯದರ ಹಿಡಿ ಮುರಿದದ್ದರಿಂದ ಅದು ಕೋಳಿಗಳ ನೀರಿಗೆ ಹೋಯಿತು. ಸ್ಪರ್ಧೆಗೆ ಮುಂಚೆ ಚೀಟಿ ಎತ್ತಿಸುತ್ತಿದ್ದರು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಐದು ನಿಮಿಷದಲ್ಲಿ ಯಾವ ಪಕ್ಷವನ್ನಾದರೂ ಪ್ರಾಣ ಕೊಟ್ಟು ನಂಬುವ ಕಲೆ ಅದು. ಆದರೆ ಒಂದು ವಿಷಯದಲ್ಲಿ ನನಗೆ ಚೀಟಿಯ ಅಗತ್ಯವಿರಲಿಲ್ಲ. ಕಾರಣವಿಲ್ಲದೆ ಏನೂ ನಡೆಯುವುದಿಲ್ಲ, ನಡೆದಂತೆ ಕಂಡರೆ ನೋಡಿದವರು ಸರಿಯಾಗಿ ನೋಡಿಲ್ಲ, ಅಷ್ಟೇ. ಇದನ್ನು ನಾನು ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೇಳುತ್ತಿದ್ದೆ. "ರೊಟ್ಟಿ ಆರತಾವು, ಮೊದಲ ತಿನ್ನು," ಎನ್ನುತ್ತಿದ್ದಳು ಕಾಕು. ಅವಳೊಡನೆ ವಾದದಲ್ಲಿ ಗೆದ್ದ ನೆನಪು ನನಗಿಲ್ಲ.

ಲಾರಿ ಬಂದದ್ದು ಅಳ್ನಾವರದಿಂದ. ಅಲ್ಲಿ ಅದು ಕಟ್ಟಿಗೆ ಹೊತ್ತು ಗೋವಾದ ಘಟ್ಟ ಹತ್ತಿ ಇಳಿದು ಸಾಕಷ್ಟು ಸವೆದಿತ್ತು. ಹತ್ತಿ ಸುಗ್ಗಿಗೆ ನಮ್ಮದೇ ಒಂದು ಗಾಡಿ ಇರಲಿ ಎಂದು ಕಾಕಾ ಅದನ್ನು ನೋಡಲು ಹೊರಟಾಗ ನಾನೂ ಜೊತೆಗೆ ಹೋದೆ. ಎತ್ತು ಕೊಳ್ಳುವವನ ಹಾಗೆ ಕಾಕಾ ಲಾರಿಯ ಸುತ್ತ ಮೂರು ಸುತ್ತು ಹಾಕಿ, ಅದರ ಬೆನ್ನು ಸವರಿ, ಗಾಲಿ ಒದ್ದು, ಬಾಯಿ ಬಿಡಿಸಿ ಹಲ್ಲು ನೋಡುವುದೊಂದನ್ನು ಬಿಟ್ಟು ಎಲ್ಲ ಮಾಡಿದ. ಮಾತು ಮುಗಿದು ಕೀಲಿ ಕೈಗೆ ಬಂತು. ಕಾಕಾ ಹತ್ತಿ ಕೂತು ಸ್ಟಾರ್ಟರ್ ಗುಂಡಿ ಒತ್ತಿದರೆ ಲಾರಿ ಉಸಿರೆತ್ತಲಿಲ್ಲ. ಮಾಲೀಕ ಒತ್ತಿದ, ಆಗಲಿಲ್ಲ. ಆಮೇಲೆ ಅವನು ನಾಚಿಕೆಯಿಂದಲೇ, "ಫಕೀರಪ್ಪಾ!" ಎಂದು ಕೂಗಿದ. ಗಿಡದ ನೆರಳಲ್ಲಿ ಕೂತಿದ್ದ ಐವತ್ತರ ಆಚೆಯ ತೆಳ್ಳನೆಯ ಡ್ರೈವರೊಬ್ಬ ಎದ್ದು ಬಂದು, ಅಂಗಿಯ ಕಿಸೆಯಿಂದ ಒಂದು ಕ್ಯಾಸೆಟ್ ತೆಗೆದು ಟೇಪಿನೊಳಗೆ ತಳ್ಳಿ, ದೇವಿಯ ಪದ ಒಂದು ಸಾಲು ಆಗುವ ತನಕ ಕಣ್ಣು ಮುಚ್ಚಿ, ಗುಂಡಿ ಒತ್ತಿದ. ಲಾರಿ ಗುಡುಗಿತು.

"ಈ ಗಾಡಿ ದೇವಿ ಪದಾ ಕೇಳಲಾರದ ಏಳೂದಿಲ್ರಿ," ಎಂದ ಮಾಲೀಕ. ಕಾಕಾ ಕೈ ಚಾಚಿ, "ಹಂಗಾರ ಆ ಕ್ಯಾಸೆಟ್ಟೂ ಕೊಡ್ರಿ," ಎಂದ. ಫಕೀರಪ್ಪ ಕ್ಯಾಸೆಟ್ಟನ್ನು ಕಿಸೆಗೆ ಹಾಕಿಕೊಂಡ. "ನಿಮ್ಮ ಕಡೆ ಎತ್ತು ಮಾರಿದ್ರ ಹಗ್ಗಾ ಕೊಡತೀರೇನ್ರಿ ಸಾವ್ಕಾರ್ರ?"

ಕಾಕಾ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ನಮ್ಮ ಕಡೆ ಎತ್ತು ಮಾರಿದವರು ಹಗ್ಗ ಬಿಚ್ಚಿ ತಾವೇ ಇಟ್ಟುಕೊಳ್ಳುತ್ತಾರೆ. ಹಗ್ಗ ಹೋದರೆ ಕೊಟ್ಟಿಗೆಯ ಸುಖವೂ ಅದರ ಜೊತೆಗೆ ಹೋಗುತ್ತದೆ ಎಂದು ನಂಬಿಕೆ. ಸ್ವತಃ ಕಾಕಾ ಆ ವರ್ಷ ಒಂದು ಜೋಡಿ ಮಾರಿ ಹಗ್ಗವನ್ನು ಮನೆಯ ಗೂಟಕ್ಕೆ ತೂಗುಹಾಕಿದ್ದ. ಕಡೆಗೆ ಇತ್ಯರ್ಥವಾದದ್ದು ಹೀಗೆ: ಲಾರಿಯ ಜೊತೆಗೆ ಹಗ್ಗ ಬರಲಿಲ್ಲ, ಹಗ್ಗ ಹಿಡಿದವನೇ ಬಂದ. ಫಕೀರಪ್ಪನ ಮನೆ ನವಲಗುಂದದಲ್ಲಿ. ಅವನ ಹೆಂಡತಿ ಅಲ್ಲಿ ಜಮಖಾನ ನೇಯುತ್ತಾಳೆ. ಊರಿಗೆ ಹತ್ತಿರವಾಯಿತೆಂದು ಅವನಿಗೂ ಅನುಕೂಲವೇ ಆಯಿತು. ತನ್ನ ಸೀಟಿನ ಮೇಲೆ ಹೆಂಡತಿ ನೇಯ್ದ ಕೆಂಪು ಹಸಿರಿನ ಸಣ್ಣ ಜಮಖಾನ ಹಾಸಿಕೊಂಡು ಕೂತು ಗಾಡಿ ಹೊಡೆಯುತ್ತ ಬಂದ. ದಾರಿಯಲ್ಲಿ ನಾನು, "ಕಾಕಾ, ಡೀಸೆಲ್ ಇಂಜಿನ್ನಿಗೂ ದೇವಿಗೂ ಏನ್ ಸಂಬಂಧ?" ಎಂದೆ. "ಇಂಜಿನ್ ಎದ್ದಿತೋ ಇಲ್ಲೋ?" "ಎದ್ದಿತು." "ಮುಗೀತಲ್ಲ!"

ಆ ಲಾರಿಯ ಭಕ್ತಿ ಅಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಟೇಪು ಕೂಡಿಸಿದಾಗ ಯಾರು ಯಾರೋ ಎಲ್ಲೆಲ್ಲಿಂದಲೋ ವಾಯರು ಎಳೆದು, ಅದು ಕೆಟ್ಟಾಗ ಇನ್ನ್ಯಾರೋ ಮತ್ತೆಲ್ಲಿಂದಲೋ ಎಳೆದು, ಒಟ್ಟಿನಲ್ಲಿ ಎಲ್ಲಕ್ಕೂ ಎಲ್ಲದರ ಸಂಬಂಧ ಬೆಳೆದಿತ್ತು. ಎಡಗಡೆಯ ಇಂಡಿಕೇಟರ್ ಹಾಕಿದರೆ ಹಾಡುವವಳಿಗೆ ಬಿಕ್ಕಳಿಕೆ ಬರುತ್ತಿತ್ತು. ಹಾರ್ನ್ ಒತ್ತಿದರೆ ಪದ ನಿಲ್ಲುತ್ತಿತ್ತು, ಬಿಟ್ಟರೆ ನಿಂತಲ್ಲಿಂದ ಮುಂದುವರಿಯುತ್ತಿತ್ತು. ಬ್ರೇಕ್ ತುಳಿದರೆ ಹೆಣ್ಣಿನ ದನಿ ನಿಧಾನವಾಗಿ ಗಂಡಿನ ದನಿಯಾಗುತ್ತಿತ್ತು. ಕಾಕು ಒಮ್ಮೆ ಕುಂದಗೋಳದ ತನಕ ಅದರಲ್ಲಿ ಹೋಗಿ ಬಂದು, "ದನಾ ಅಡ್ಡ ಬಂದಾಗೊಮ್ಮೆ ದೇವಿ ಗಂಡಸ ಆಕ್ಕಾಳ," ಎಂದು ವರದಿ ಮಾಡಿದಳು.

ಆದರೆ ಹತ್ತಿಯ ಮೊದಲ ಲೋಡು ಅಣ್ಣಿಗೇರಿಗೆ ಹೊರಟ ದಿನ ಇದು ನಗುವ ಮಾತಾಗಿ ಉಳಿಯಲಿಲ್ಲ. ಅರ್ಧ ದಾರಿಯಲ್ಲಿ ಡ್ಯಾಶ್‌ಬೋರ್ಡಿನ ಸಂದಿಯಿಂದ ಹೊಗೆ ಬಂತು. ಫಕೀರಪ್ಪ ಗಾಡಿ ನಿಲ್ಲಿಸಿ, ಬ್ಯಾಟರಿಯ ತಂತಿ ಕಿತ್ತು, ಎರೆಮಣ್ಣು ತಂದು ಒಳಗೆ ತುರುಕಿದ. ಮೇಲೆ ಆಳೆತ್ತರ ಒಣ ಹತ್ತಿ. ಒಂದು ಕಿಡಿ ಹಿಂದಕ್ಕೆ ಹಾರಿದ್ದರೆ ಹತ್ತಿ, ಲಾರಿ, ಕಾಕಾ, ಫಕೀರಪ್ಪ ಯಾವುದೂ ಉಳಿಯುತ್ತಿರಲಿಲ್ಲ. ಹುಬ್ಬಳ್ಳಿಯ ಮೇಸ್ತ್ರಿಯೊಬ್ಬ ಡ್ಯಾಶ್‌ಬೋರ್ಡ್ ಬಿಚ್ಚಿ ಒಳಗೆ ಇಣುಕಿ, ತಟ್ಟನೆ ಮತ್ತೆ ಮುಚ್ಚಿ, "ಇದನ್ನ ಮಾಡಿದಾವ ಯಾರೋ ಅವನ್ನ ಕರಕೊಂಡ ಬರ್ರಿ, ನಾನೂ ಒಮ್ಮೆ ನೋಡತೇನಿ," ಎಂದು ಕಳಿಸಿದ.

"ನಾ ಮಾಡತೇನಿ," ಎಂದೆ ನಾನು. ಪಿಯುಸಿಯಲ್ಲಿ ಒಂದು ವರ್ಷ ವಿಜ್ಞಾನ ಓದಿ ಬಿಟ್ಟವನು ನಾನು. ವಿದ್ಯುತ್ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬರುತ್ತದೆ ಎನ್ನುವಷ್ಟು ಗೊತ್ತಿತ್ತು. ಕಾಕು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ನೀ ಬಾಯಿಲೆ ಮಾಡಾಂವ. ಅದಕ್ಕ ಕೈ ಬೇಕು," ಎಂದಳು. ಇನ್ನೊಂದು ಕಡೆಯಿಂದ ಅವಳ ತಮ್ಮ ಈರಪ್ಪ ನಕ್ಕ. ಈ ಈರಪ್ಪನಿಗೆ ಹೊಸದಾಗಿ ಲಾರಿ ಲೈಸೆನ್ಸ್ ಬಂದಿತ್ತು. ಅದನ್ನು ಅಂಗಿಯ ಕಿಸೆಯಲ್ಲಿ ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡು ತಿರುಗುತ್ತಿದ್ದ. ಫಕೀರಪ್ಪನ ಸೀಟು ತನ್ನದಾಗಬೇಕೆಂಬ ಆಸೆ ಅವನಿಗೂ ಇತ್ತು, ಅಕ್ಕನಿಗೂ ಇತ್ತು. ಎರಡು ಸಲ ಹತ್ತಿ ಕೂತಿದ್ದ. ಕ್ಯಾಸೆಟ್ ಫಕೀರಪ್ಪನ ಕಿಸೆಯಲ್ಲಿತ್ತು, ಲಾರಿ ಏಳಲಿಲ್ಲ. ಅವನು ಅದಕ್ಕೂ ಮುಂಚೆ ಒಬ್ಬರ ಟ್ರ್ಯಾಕ್ಟರ್ ಹೊಡೆದು ಹಿಟ್ಟಿನ ಗಿರಣಿಯ ಗೋಡೆಯನ್ನು ಒಳಕ್ಕೆ ಸರಿಸಿದ್ದ ಎನ್ನುವುದನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕಾಕಾ ನನಗೆ ಮುಂದಿನ ಲೋಡಿನ ತನಕ ಮೂರು ದಿನ ಕೊಟ್ಟು, "ವಾಯರ್ ಸುಡಬಾರದು, ಅಷ್ಟ ನೋಡು. ದೇವಿ ಸುದ್ದಿಗೆ ಹೋಗಬ್ಯಾಡ," ಎಂದ. ಹೋಗಬೇಡ ಎಂದ ಮೇಲೆ ಹೋಗದಿರುವುದು ನನ್ನ ತರಬೇತಿಗೇ ಅವಮಾನ.

ಡ್ಯಾಶ್‌ಬೋರ್ಡ್ ಬಿಚ್ಚಿದರೆ ವಾಯರಿನ ಉಂಡೆ ನನ್ನ ಎದೆಯ ಮೇಲೆ ಬಿತ್ತು. ನೋಡಲು ಬಂದ ಕಾಕು, "ಯಾರ ಮನಿ ಲಗ್ನದ ಶ್ಯಾವಗಿ ಇದು?" ಎಂದಳು. ಲಗ್ನದ್ದು ಎಂಬುದೇನೋ ನಿಜವಾಯಿತು. ಪಂಪ್‌ಸೆಟ್ಟಿನ ದಪ್ಪ ವಾಯರಿಗೆ ಸೈಕಲ್ ಡೈನಮೋದ ವಾಯರು, ಅದಕ್ಕೆ ಯಾರದೋ ಲಗ್ನದ ಚಪ್ಪರದ ದೀಪದ ಸರದ ತುಂಡು. ಆ ತುಂಡಿನಲ್ಲಿ ಮೂರು ಪುಟಾಣಿ ಬಲ್ಬು ಇನ್ನೂ ಇದ್ದವು. ಬ್ರೇಕ್ ತುಳಿದಾಗೊಮ್ಮೆ ಅವು ಆ ಕತ್ತಲೆಯೊಳಗೆ ಯಾರಿಗೂ ಕಾಣದಂತೆ ಹತ್ತುತ್ತಿದ್ದವು. ಜೋಡಣೆಗಳಿಗೆ ಬನಿಯನ್ನಿನ ಚೂರು, ಸೀರೆಯ ಅಂಚು, ಗಾಯಕ್ಕೆ ಹಚ್ಚುವ ಪಟ್ಟಿ, ಸಿಕ್ಕಿದ್ದನ್ನು ಸುತ್ತಿದ್ದರು. ಸುತ್ತಿದ್ದೆಲ್ಲ ಕರಕಲಾಗಿತ್ತು.

ನಾನು ಒಂದು ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡು ವಿಚಾರಣೆ ಸುರುಮಾಡಿದೆ. ಒಂದೊಂದು ವಾಯರನ್ನೂ ಹಿಡಿದು, ನೀನು ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ, ಯಾರ ಪರ ಮಾತಾಡುತ್ತೀ ಎಂದು ಕೇಳುವುದು. ಉತ್ತರ ಸಿಕ್ಕರೆ ಚೀಟಿ ಕಟ್ಟುವುದು. ಸುಮಾರು ಅರ್ಧದಷ್ಟು ವಾಯರುಗಳು ಎಲ್ಲಿಂದಲೂ ಬಂದಿರಲಿಲ್ಲ, ಎಲ್ಲಿಗೂ ಹೋಗುತ್ತಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು, "ಹಿಂದಿನವರು ಹೇಳಿದ್ದನ್ನೇ ನಾನೂ ಅನುಮೋದಿಸುತ್ತೇನೆ," ಎಂದು ಕೂರುವ ಮಂದಿಯಂತೆ ಇದ್ದವು. ಕತ್ತರಿಸಿ ಬುಟ್ಟಿಗೆ ಹಾಕಿದೆ. ಬುಟ್ಟಿ ತುಂಬಿತು. ಕಾಕು ಅವನ್ನು ಒಂದಕ್ಕೊಂದು ಗಂಟು ಹಾಕಿ ಬಟ್ಟೆ ಒಣಹಾಕುವ ತಂತಿ ಮಾಡಿಕೊಂಡಳು. ನನ್ನ ಬೆನ್ನಿನ ಚರ್ಮ ಗೇರಿನ ಪೆಟ್ಟಿಗೆಗೆ ಉಜ್ಜಿ ಕೆಂಪಾಯಿತು, ಮೂಗಿನೊಳಗೆ ಅಳ್ನಾವರದ ಕಟ್ಟಿಗೆಯ ಹೊಟ್ಟು ಸೇರಿತು. ಬಿಡುವ ಮಾತೇ ಇರಲಿಲ್ಲ.

ಫಕೀರಪ್ಪ ಮೂರೂ ದಿನ ಎದುರಿನ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತ ನನ್ನ ಕಾಲುಗಳನ್ನು ನೋಡಿದ. ಹೊರಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. "ಎಳೀಬ್ಯಾಡ ತಮ್ಮಾ, ಬಿಚ್ಚು," ಎನ್ನುವುದು ಬಿಟ್ಟು ಹೆಚ್ಚು ಮಾತಿಲ್ಲ. ನಾನು ಒಳಗಿನಿಂದಲೇ ವಾದಕ್ಕೆಳೆದೆ. "ಫಕೀರಪ್ಪಣ್ಣಾ, ದೇವಿ ಪದಕ್ಕ ಗಾಡಿ ಏಳತೈತಿ ಅಂತ ನೀ ನಂಬತೀಯೇನು?"

"ಪದಾ ಹಚ್ಚತೇನಿ, ಏಳತೈತಿ."

"ನಂಬತೀಯೋ ಇಲ್ಲೋ ಹೇಳು."

"ನಾ ಡ್ರೈವರ್ ಇದ್ದೇನಪಾ. ನಂಬೂದು ಕೂತು ಹೋಗೋರ ಕೆಲಸ."

ಮೂರನೆಯ ದಿನ ಮಧ್ಯಾಹ್ನ ಅದು ಸಿಕ್ಕಿತು. ಉಂಡೆಯ ಎಲ್ಲಕ್ಕೂ ಒಳಗೆ ಒಂದೇ ಒಂದು ತೆಳ್ಳನೆಯ ವಾಯರು, ಟೇಪಿನ ಬೆನ್ನಿನಿಂದ ಹೊರಟು ನೇರ ಸ್ಟಾರ್ಟರ್ ಗುಂಡಿಗೆ ಹೋಗಿತ್ತು. ಗುಂಡಿಗೆ ಹೋಗಬೇಕಾದ ಅಸಲು ವಾಯರನ್ನು ಕತ್ತರಿಸಿ ತುದಿ ಮಡಚಿಟ್ಟಿದ್ದರು. ಆ ಟೇಪಿನ ಗುಣ ಏನೆಂದರೆ, ಒಳಗೆ ಕ್ಯಾಸೆಟ್ ತಳ್ಳಿದರೆ ಮಾತ್ರ ಅದಕ್ಕೆ ಕರೆಂಟು ಹೋಗುತ್ತದೆ. ಅಂದರೆ ಕ್ಯಾಸೆಟ್ ಇಲ್ಲದಿದ್ದರೆ ಗುಂಡಿಗೂ ಕರೆಂಟಿಲ್ಲ. ಯಾವ ಕ್ಯಾಸೆಟ್ಟಾದರೂ ಆದೀತು. ನಾನು ಲಾರಿಯ ಹೊಟ್ಟೆಯಲ್ಲಿ ಮಲಗಿಕೊಂಡೇ ಚಪ್ಪಾಳೆ ಹೊಡೆದೆ. ಒಂದು ವಿಚಿತ್ರವನ್ನು ಆಗಲೇ ಗಮನಿಸಿದ್ದೆ. ಆ ಇಡೀ ಗೊಂದಲದಲ್ಲಿ ಕರಕಲಾಗದೆ ಉಳಿದಿದ್ದ ಜೋಡಣೆ ಅದೊಂದೇ. ತಾಮ್ರದ ಎಳೆಗಳನ್ನು ಹೆಣೆದು, ಮೇಲೆ ಕೆಂಪು ಹಸಿರು ನೂಲನ್ನು ಒತ್ತಾಗಿ ಸುತ್ತಿ, ಸಣ್ಣಗೆ ಚಪ್ಪಟೆ ಗಂಟು ಹಾಕಿದ್ದರು. ಗಮನಿಸಿದೆ, ಆದರೆ ಯೋಚಿಸಲಿಲ್ಲ. ಗೆಲ್ಲುವ ಅವಸರದಲ್ಲಿದ್ದೆ.

ಉಳಿದ ವಾಯರುಗಳೆಲ್ಲ ಅಷ್ಟೊತ್ತಿಗೆ ನೆಟ್ಟಗಾಗಿದ್ದವು. ಇದೊಂದನ್ನು ಪ್ರದರ್ಶನಕ್ಕೆಂದು ಹಾಗೇ ಬಿಟ್ಟೆ. ಸಂಜೆ ನಾಲ್ಕಕ್ಕೆ ಕಾಕಾನನ್ನು, ಕಾಕುವನ್ನು, ಕರೆಯದೆ ಬಂದ ಹದಿನೈದು ಇಪ್ಪತ್ತು ಮಂದಿಯನ್ನು ಲಾರಿಯ ಮುಂದೆ ನಿಲ್ಲಿಸಿ, ನನ್ನ ಟ್ರಂಕಿನಿಂದ ಒಂದು ಕ್ಯಾಸೆಟ್ ತಂದೆ. ಹುಬ್ಬಳ್ಳಿಯ ಗೆಳೆಯನೊಬ್ಬ ರೆಕಾರ್ಡು ಮಾಡಿಕೊಟ್ಟಿದ್ದ ನನ್ನದೇ ಭಾಷಣ ಅದು. ವಿಷಯ: ಮೂಢನಂಬಿಕೆ ಪ್ರಗತಿಗೆ ಮಾರಕ. ಟೇಪಿಗೆ ತಳ್ಳಿದೆ. "ಮಾನ್ಯ ಸಭಾಧ್ಯಕ್ಷರೆ..." ಎಂದು ನನ್ನ ದನಿ ಬಂತು. ಗುಂಡಿ ಒತ್ತಿದೆ. ಲಾರಿ ಎದ್ದಿತು.

ಮಂದಿ ಕತ್ತು ಚಾಚಿ ಟೇಪಿನ ಕಡೆ ನೋಡಿದರು. ಆಮೇಲೆ ಗಿರಣಿಯ ಮುದುಕನೊಬ್ಬ, "ಹಂಗಾರ ಈ ಹುಡುಗನ ಬಾಯಾಗೂ ದೇವಿ ಅದಾಳ," ಎಂದ. ನಾನು ಅದಲ್ಲ ಎಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಕಾಕು, "ದೇವಿ ಅಲ್ಲ ಏನಲ್ಲ. ಇಂವ ಇನ್ನ ಬಿಡೂದಿಲ್ಲ ಅಂತ ಗಾಡಿ ಓಡಿ ಹೋಗಾಕ ನಿಂತೈತಿ," ಎಂದಳು. ಎಲ್ಲರೂ ನಕ್ಕರು. ಆದರೆ ಕಾಕಾ ನಗಲಿಲ್ಲ. ಅವನಿಗೆ ಅರ್ಥವಾಗಿತ್ತು. "ಅಂದ್ರ ಯಾವ ಕ್ಯಾಸೆಟ್ ಹಾಕಿದ್ರೂ, ಯಾರು ಒತ್ತಿದ್ರೂ ಏಳತೈತಿ?" ಎಂದ. "ಯಾರು ಒತ್ತಿದ್ರೂ!" ಎಂದೆ ನಾನು, ಗೆದ್ದ ಕಪ್ಪು ಎತ್ತಿ ಹಿಡಿದವನ ಹಾಗೆ.

ಕಾಕು ಆಗ ತಣ್ಣಗೆ ಕೇಳಿದಳು: "ಹಂಗಾರ ನಮ್ಮ ಈರಪ್ಪ ಒತ್ತಿದ್ರೂ?"

ನನ್ನ ಜೀವನದಲ್ಲಿ ಒಂದು ಗೆಲುವು ಅಷ್ಟು ಬೇಗ ಹುಳಿಯಾದದ್ದು ಬೇರೆ ಇಲ್ಲ. ಕಾಕಾ ಫಕೀರಪ್ಪನ ಮುಖ ನೋಡದೆ, ಲಾರಿಯ ಗಾಲಿ ನೋಡುತ್ತ, "ಫಕೀರಪ್ಪಾ, ಮನಿಯಾಗ ಹುಡುಗ ಲೈಸೆನ್ಸ್ ಇಟ್ಟುಕೊಂಡು ಕೂತಾನ. ನಾಳೆ ಅಣ್ಣಿಗೇರಿ ಲೋಡು ಅಂವ ಒಯ್ಯಲಿ. ನೀನೂ ಊರ ಕಡೆ ಹೋದಂಗ ಆತು," ಎಂದ. ಫಕೀರಪ್ಪ, "ಆತ್ರಿ," ಎಂದ. ಅಷ್ಟೇ. ಲಾರಿ ಹತ್ತಿ, ಸೀಟಿನ ಮೇಲಿನ ಜಮಖಾನ ತೆಗೆದು, ಧೂಳು ಝಾಡಿಸಿ, ಸುರುಳಿ ಸುತ್ತಿ, ನನ್ನ ಪಕ್ಕದಲ್ಲೇ ಇಳಿದ. ಜಮಖಾನದ ಅಂಚಿನ ಕುಚ್ಚು ನನ್ನ ಕಣ್ಣ ಮುಂದೆಯೇ ಹಾದುಹೋಯಿತು. ಕೆಂಪು ಹಸಿರು ನೂಲು, ಒತ್ತಾಗಿ ಸುತ್ತಿದ್ದು, ಸಣ್ಣಗೆ ಚಪ್ಪಟೆ ಗಂಟು.

ಚೀಟಿ ಎತ್ತಿ ಐದು ನಿಮಿಷದಲ್ಲಿ ಪಕ್ಷ ಬದಲಿಸುವವನಿಗೆ ಆ ದಿನ ಅಷ್ಟೂ ಬೇಕಾಗಲಿಲ್ಲ. ಅಳ್ನಾವರದ ಮಾಲೀಕ ತಿಂಗಳಿಗೊಬ್ಬ ಡ್ರೈವರನ್ನು ಬದಲಿಸುತ್ತಾನೆ ಎಂದು ಯಾರೋ ಅಂದದ್ದು ಆಗ ನೆನಪಾಯಿತು. ಫಕೀರಪ್ಪ ಒಬ್ಬನೇ ಅಲ್ಲಿ ಉಳಿದದ್ದು, ಗಾಡಿ ಮಾರಿದ ಮೇಲೂ ಉಳಿದದ್ದು ಆ ಒಂದು ಗಂಟಿನ ಮೇಲೆ. ಕೆಲಸ ಬಲ್ಲವನ ಕೈ ಆ ಲಾರಿಯ ವಾಯರಿಗೆ ಸೋಕಿದ್ದೂ ಅಲ್ಲಿ ಮಾತ್ರ. ಘಟ್ಟದಲ್ಲಿ ಅಷ್ಟು ವರ್ಷ ಗಾಡಿ ಹೊಡೆದು ಎಲ್ಲೂ ತಾಗಿಸದವನು, ಹೊಗೆ ಕಂಡ ಕೂಡಲೇ ಓಡದೆ ಮಣ್ಣು ತುರುಕಿದವನು ನವಲಗುಂದದ ಬಸ್ಸು ಹತ್ತುತ್ತಾನೆ. ಗಿರಣಿಯ ಗೋಡೆ ಸರಿಸಿದವನು ಒಣ ಹತ್ತಿ ಹೊತ್ತು ಅಣ್ಣಿಗೇರಿಗೆ ಹೋಗುತ್ತಾನೆ. ಇಷ್ಟನ್ನೂ ಸಾಧಿಸಿಕೊಟ್ಟದ್ದು ವಿಚಾರವಾದ. ಬಾಯಿ ಬಿಟ್ಟು ವಾದಿಸೋಣವೆಂದರೆ, ಡ್ರೈವರೇ ಗಂಟು ಹಾಕಿದ್ದ ಎಂದು ಹೇಳಿದಂತಾಗುತ್ತದೆ. ಹೇಳಿದರೆ ಅವನಿಗೆ ಹೋಗುವಾಗ ಮರ್ಯಾದೆಯೂ ಉಳಿಯುವುದಿಲ್ಲ.

ಮಂದಿ ಚದುರಿದರು. ಕಾಕಾ ಊರೊಳಗೆ ಹೋದ, ಕಾಕು ಎಮ್ಮೆ ಹಿಂಡಲು ಹೋದಳು, ಫಕೀರಪ್ಪ ಜಮಖಾನ ಬಗಲಲ್ಲಿಟ್ಟುಕೊಂಡು ಮಠದ ಕಟ್ಟೆಯ ಕಡೆ ನಡೆದ. ಹೊತ್ತು ಮುಳುಗುವುದರೊಳಗೆ, "ಒಂದೀಟು ಕೊನೆಯ ತಪಾಸಣೆ," ಎಂದು ಯಾರೂ ಕೇಳದಿದ್ದರೂ ಹೇಳಿಕೊಂಡು ನಾನು ಮತ್ತೆ ಲಾರಿಯೊಳಗೆ ಮಲಗಿದೆ. ಟೇಪಿನ ಬೆನ್ನಿನಲ್ಲಿದ್ದ ಆ ಗಂಟು ಬಿಚ್ಚಿದೆ. ವಾಯರನ್ನು ವೈಪರಿನ ಸ್ವಿಚ್ಚಿಗೆ ಒಯ್ದೆ. ಇನ್ನು ವೈಪರ್ ಹಚ್ಚಿದರೆ ಮಾತ್ರ ಗುಂಡಿಗೆ ಕರೆಂಟು. ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ಕಡೆ ಮಳೆಯೆಲ್ಲಿ? ಯಾವ ಜೀವಂತ ಮನುಷ್ಯನೂ ವೈಪರ್ ಹಾಕುವುದಿಲ್ಲ. ಕಪ್ಪು ಪಟ್ಟಿ ಸುತ್ತಿ, ಗಟ್ಟಿಯಾಗಿ ಒತ್ತಿ, ಡ್ಯಾಶ್‌ಬೋರ್ಡ್ ಮುಚ್ಚಿದೆ. ಬೆಳಿಗ್ಗೆ ಫಕೀರಪ್ಪನನ್ನು ಮಠದ ಕಟ್ಟೆಯಲ್ಲೇ ಹಿಡಿದು ಕಿವಿಯಲ್ಲಿ ಹೇಳುವುದೆಂದು ಯೋಜನೆ.

ಆದರೆ ಈರಪ್ಪನಿಗೆ ನನಗಿಂತ ಅವಸರವಿತ್ತು. ನಾನು ಮುಖ ತೊಳೆಯುವಷ್ಟರಲ್ಲಿ ಹೊಸ ಅಂಗಿ ತೊಟ್ಟು ಸೀಟಿನಲ್ಲಿದ್ದ. ನನ್ನ ಭಾಷಣದ ಕ್ಯಾಸೆಟ್ಟನ್ನೇ ತಳ್ಳಿದ. "ಮಾನ್ಯ ಸಭಾಧ್ಯಕ್ಷರೆ..." ಗುಂಡಿ ಒತ್ತಿದ. ಏನಿಲ್ಲ. ತಿರುಗಿಸಿ ಹಾಕಿದ. ಬೆನ್ನಿನ ಬದಿಯಲ್ಲಿ ಇದ್ದ ಬೇರೆ ಭಾಷಣ ಕೇಳಿಸಿತು. ಏನಿಲ್ಲ. ಮಂದಿ ಕೂಡಿತು. ಕಾಕಾ ನನ್ನ ತೋಳು ಹಿಡಿದು, "ಯಾರು ಒತ್ತಿದ್ರೂ ಅಂದ್ಯಲ್ಲೋ ಮಗನ!" ಎಂದ. ಹಿಡಿದ ತೋಳು ಬಿಡಲಿಲ್ಲ. ನಾನು ಎಲ್ಲಿಗೂ ಹೋಗುವಂತಿರಲಿಲ್ಲ. ಅಷ್ಟರಲ್ಲಿ ಬಸ್ಸಿಗೆ ಹೊರಟಿದ್ದ ಫಕೀರಪ್ಪ, ಬಾಗಿಲಿನ ಕೀಲಿ ತನ್ನ ಕಿಸೆಯಲ್ಲೇ ಉಳಿದಿದೆ ಎಂದು ಕೊಡಲು ಬಂದ. ಗಿರಣಿಯ ಮುದುಕ, "ಏ ಫಕೀರಪ್ಪಾ, ನೀ ಒಮ್ಮೆ ನೋಡೋ. ದೇವಿಗೆ ಸಿಟ್ಟ ಬಂದೈತಿ," ಎಂದ.

ಫಕೀರಪ್ಪ ಹತ್ತಿದ. ಜಮಖಾನ ಬಿಚ್ಚಿ ಹಾಸಿದ. ದೇವಿಯ ಕ್ಯಾಸೆಟ್ ತಳ್ಳಿ ಕಣ್ಣು ಮುಚ್ಚಿ ಕೈ ಮುಗಿದ. ನಾನು ಅವನನ್ನೇ ನೋಡುತ್ತಿದ್ದೆ, ಅವನು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಆಮೇಲೆ ಕೈ ಚಾಚಿ ವೈಪರ್ ಹಚ್ಚಿದ. ಮೋಡವಿಲ್ಲದ ಬಿಸಿಲಲ್ಲಿ ಎರಡು ವೈಪರುಗಳು ಒಣ ಗಾಜಿನ ಮೇಲೆ ಕಿರಗುಟ್ಟುತ್ತ ಆ ಕಡೆ ಈ ಕಡೆ ಬೀಸತೊಡಗಿದವು. ಗುಂಡಿ ಒತ್ತಿದ. ಲಾರಿ ಗುಡುಗಿತು.

"ವೈಪರ್ ಯಾಕೋ?" ಎಂದ ಕಾಕಾ. "ಧೂಳಾ ಐತ್ರಿ," ಎಂದ ಫಕೀರಪ್ಪ. ಮಂದಿ ಧೂಳಿನ ಮಾತನ್ನು ಒಪ್ಪಲಿಲ್ಲ. ದೇವಿಗೆ ಚಾಮರ ಬೀಸಿದ ಎಂದರು. ಈರಪ್ಪ ತಾನಾಗಿಯೇ ಇಳಿದು ದೂರ ನಿಂತ. ಕಾಕು ನನ್ನ ಕಡೆ ತಿರುಗಿ, "ಇನ್ನೊಮ್ಮಿ ಭಾಷಣಾ ಮಾಡು," ಎಂದಳು. ಮಾಡಲಿಲ್ಲ. ಅಂದಿನಿಂದ ಇಂದಿನ ತನಕ ಆ ಲಾರಿ ದಿನಾಲೂ ದೇವಿ ಪದಕ್ಕೆ, ಸುಡುವ ಬಿಸಿಲಲ್ಲಿ ಚಾಮರ ಬೀಸಿಕೊಂಡೇ ಏಳುತ್ತದೆ. ಫಕೀರಪ್ಪನೇ ಹೊಡೆಯುತ್ತಾನೆ. ಒಮ್ಮೆಯೂ ಸುಟ್ಟ ವಾಸನೆ ಬಂದಿಲ್ಲ. ಅದಕ್ಕೆ ಕಾರಣ ನಾನು ಎಂದು ಒಬ್ಬರೂ ಹೇಳುವುದಿಲ್ಲ.

ಅವನಿಗೆ ಹೇಗೆ ತಿಳಿಯಿತು? ಅದೇ ವಾರ ಗುಟ್ಟಾಗಿ ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿದೆ. ನನ್ನ ಪಟ್ಟಿ ನಾನು ಸುತ್ತಿದ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಹಿಂದಿನ ಸಂಜೆ ದೂರದಿಂದ ನೋಡಿದ್ದನೆಂದರೆ, ಮಠದ ಕಟ್ಟೆಯಿಂದ ಲಾರಿಯ ಬೆನ್ನು ಮಾತ್ರ ಕಾಣುತ್ತದೆ, ಹೋಗಿ ಕೂತು ಪರೀಕ್ಷಿಸಿದ್ದೇನೆ. ಸುಮ್ಮನೆ ಆ ಸ್ವಿಚ್ಚು ಈ ಸ್ವಿಚ್ಚು ಒತ್ತಿ ನೋಡಿದನೆಂದರೆ, ಅವನು ಮುಟ್ಟಿದ್ದು ಒಂದೇ ಸ್ವಿಚ್ಚು. ಊರವರ ಬಳಿ ಇನ್ನೊಂದು ವಿವರಣೆಯಿದೆ. ಅದನ್ನು ನಾನು ಒಪ್ಪುವುದಿಲ್ಲ, ಈಗಲೂ ಒಪ್ಪುವುದಿಲ್ಲ. ಇತ್ತೀಚೆಗೆ ಆ ಲಾರಿ ಹತ್ತುವಾಗ ಚಪ್ಪಲಿ ಕೆಳಗೆ ಬಿಟ್ಟು ಹತ್ತುತ್ತೇನೆ ಎಂಬುದು ನಿಜ. ಅದು ಒಳಗೆ ಮಣ್ಣಾಗಬಾರದೆಂದು.

ಮೊನ್ನೆ ಅಣ್ಣಿಗೇರಿಯಿಂದ ಖಾಲಿ ಗಾಡಿಯಲ್ಲಿ ಬರುವಾಗ ನಾವಿಬ್ಬರೇ ಇದ್ದೆವು. ಎರಡು ವರ್ಷ ತಡೆದದ್ದನ್ನು ಕೇಳಿಯೇಬಿಟ್ಟೆ. ಅವನು ದಾರಿ ನೋಡುತ್ತ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹಚ್ಚಿ ಮುಗಿಸಿದ, ಮಡಚಿದ, ಬಾಯಿಗೆ ಹಾಕಿಕೊಂಡ. ಬಾಯಿ ತುಂಬಿದ ಮೇಲೆ ಮಾತಾಡುವ ಪ್ರಶ್ನೆಯೇ ಬರಲಿಲ್ಲ. ಆದ್ದರಿಂದ ಇಲ್ಲಿ ಮತ್ತೊಮ್ಮೆ, ಎಲ್ಲರ ಎದುರಿಗೇ ಕೇಳುತ್ತಿದ್ದೇನೆ: ಫಕೀರಪ್ಪಣ್ಣಾ, ಹಳೇ ಗಂಟು ನಿಂದು, ಹೊಸಾದು ನಂದು, ಅದನ್ನ ನಾ ಯಾರಿಗೂ ಹೇಳಿರಲಿಲ್ಲ. ಮೋಡಿಲ್ಲ, ಮಳಿಲ್ಲ, ಆ ಮುಂಜಾನೆ ವೈಪರ್ ಹಚ್ಚಬೇಕಂತ ನಿನಗ ಹೆಂಗ ಗೊತ್ತಾತು?